ಅಖಾಡದ ಕತ್ತಲಿಗೆ ಯಾವ ಕ್ಯಾಮೆರಾ?

ಕ್ಯಾಮೆರಾ ಅಂಗಡಿಯ ಗಾಜಿನ ಕಪಾಟಿನಲ್ಲಿ ಎದ್ದು ಕಾಣುವುದು ಬಾಡಿ. ಪಕ್ಕದ ಚೀಟಿಯಲ್ಲಿ ಇಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಇಷ್ಟು ಫ್ರೇಮ್ ಎಂಬ ಲೆಕ್ಕ ಇರುತ್ತದೆ. ಲೆನ್ಸ್ ಬಗ್ಗೆ ಯಾರೂ ಹೆಚ್ಚು ಕೇಳುವುದಿಲ್ಲ. ‘ಕಿಟ್’ ಎಂಬ ಹೆಸರಿನಲ್ಲಿ ಅದು ಬಾಡಿಯ ಜೊತೆಗೇ ಡಬ್ಬಿಯೊಳಗೆ ಬಂದುಬಿಡುತ್ತದೆ. ನಾಮಕರಣಕ್ಕೆ, ಪ್ರವಾಸಕ್ಕೆ ಅಷ್ಟು ಸಾಕು. ಮಗಳ ಟೇಕ್ವಾಂಡೊ ಪಂದ್ಯ, ತಾಲ್ಲೂಕಿನ ಹುಡುಗರ ಕುಸ್ತಿ, ಜಿಲ್ಲಾ ಬಾಕ್ಸಿಂಗ್ ಚಾಂಪಿಯನ್‌ಷಿಪ್ ತೆಗೆಯಲು ಹೊರಟವರು ಮಾತ್ರ ಇದೇ ಡಬ್ಬಿ ಹಿಡಿದು ಒಳಾಂಗಣಕ್ಕೆ ಕಾಲಿಟ್ಟರೆ ಸಂಜೆ ಮನೆಗೆ ತರುವುದು ಅಲುಗಿದ ಮುಷ್ಟಿ ಮತ್ತು ಕಪ್ಪಿಟ್ಟ ಮುಖಗಳನ್ನು. ತಪ್ಪು ಇರುವುದು ದುಡ್ಡು ಖರ್ಚಾದ ಕ್ರಮದಲ್ಲಿ. ಒಳಾಂಗಣದ ಕಾಳಗ ಕ್ರೀಡೆಗಳಿಗೆ ಮೊದಲು ಬೇಕಾದದ್ದು ಕೂರುವ ಜಾಗ, ಆಮೇಲೆ ಲೆನ್ಸ್. ಬಾಡಿ ಕೊಳ್ಳಲು ಉಳಿದ ದುಡ್ಡು ಸಾಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇಲ್ಲಿ ಪೂರ್ತಿ ಅನ್ವಯಿಸುವುದಿಲ್ಲ. ಇಲ್ಲಿ ನೆಲ ನಿಜಕ್ಕೂ ಡೊಂಕು. ಟಿ.ವಿ. ಪ್ರಸಾರವಿರುವ ಅಂತರರಾಷ್ಟ್ರೀಯ ಕೂಟಗಳಲ್ಲಿ ಅಂಕಣದ ಮೇಲೆ ಸಾವಿರದಿಂದ ಎರಡು ಸಾವಿರ ಲಕ್ಸ್ ಬೆಳಕು ಬೀಳುತ್ತದೆ. ನಮ್ಮ ಸಮುದಾಯ ಭವನ, ಕಾಲೇಜು ಸಭಾಂಗಣಗಳಲ್ಲಿ ಮುನ್ನೂರು ಲಕ್ಸ್ ಸಿಕ್ಕರೆ ಪುಣ್ಯ. ಸುಸಜ್ಜಿತ ಕಚೇರಿಯ ಮೇಜಿನ ಮೇಲೇ ಐನೂರು ಇರುತ್ತದೆ. ಕಣ್ಣು ಈ ವ್ಯತ್ಯಾಸಕ್ಕೆ ಬೇಗ ಹೊಂದಿಕೊಳ್ಳುವುದರಿಂದ ಸಭಾಂಗಣ ‘ಚೆನ್ನಾಗಿಯೇ ಬೆಳಗಿದೆ’ ಎನಿಸುತ್ತದೆ. ಕ್ಯಾಮೆರಾ ಹಾಗೆ ಹೊಂದಿಕೊಳ್ಳುವುದಿಲ್ಲ.

ಇನ್ನು ವೇಗ. ಪಳಗಿದ ಬಾಕ್ಸರ್‌ನ ಮುಷ್ಟಿ ಸೆಕೆಂಡಿಗೆ ಎಂಟು–ಹತ್ತು ಮೀಟರ್ ವೇಗದಲ್ಲಿ ಹೋಗುತ್ತದೆ. ಶಟರ್ 1/250 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಮುಷ್ಟಿ ನಾಲ್ಕು ಸೆಂಟಿಮೀಟರ್ ಸರಿದಿರುತ್ತದೆ. ಚಿತ್ರದಲ್ಲಿ ಕೈಗವಸಿನ ಬದಲು ಕೆಂಪು ಗೀರು ಉಳಿಯುತ್ತದೆ. 1/1000ಕ್ಕೆ ಹೋದರೆ ಸರಿತ ಒಂದೇ ಸೆಂಟಿಮೀಟರ್. ಹಾಗಾಗಿ ಬಾಕ್ಸಿಂಗ್, ಟೇಕ್ವಾಂಡೊಗಳಿಗೆ 1/1000 ಎನ್ನುವುದು ಕನಿಷ್ಠ ಮರ್ಯಾದೆ. ಕುಸ್ತಿಗೆ ಸ್ವಲ್ಪ ರಿಯಾಯಿತಿ ಉಂಟು: ಪಟ್ಟು ಹಿಡಿದು ಸೆಣಸುವ ಹೊತ್ತಿನಲ್ಲಿ 1/500 ನಡೆಯುತ್ತದೆ, ಎದುರಾಳಿಯನ್ನು ಎತ್ತಿ ಒಗೆಯುವಾಗ ಮಾತ್ರ ಸಾಲದು.

ಮುನ್ನೂರು ಲಕ್ಸ್ ಬೆಳಕು, 1/1000 ಶಟರ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿ ನೋಡಬಹುದು. ಕಿಟ್ ಜೂಮ್ ಅನ್ನು ಪೂರ್ತಿ ಎಳೆದಾಗ ಅದರ ಅಪರ್ಚರ್ ಎಫ್/5.6ಕ್ಕೆ ನಿಲ್ಲುತ್ತದೆ, ಅಲ್ಲಿ ಸರಿಯಾದ ಚಿತ್ರಕ್ಕೆ ಐಎಸ್‌ಒ ಸುಮಾರು 25,600 ಬೇಕು. ಎಫ್/2.8 ಜೂಮ್ ಹಾಕಿದರೆ ಅದು 6,400ಕ್ಕೆ ಇಳಿಯುತ್ತದೆ. ಎಫ್/1.8 ಪ್ರೈಮ್ ಲೆನ್ಸ್ ಆದರೆ 2,700ರ ಆಸುಪಾಸು. ಅಂದರೆ ಹತ್ತು–ಹನ್ನೆರಡು ಸಾವಿರ ರೂಪಾಯಿಯ ಒಂದು 50 ಮಿ.ಮೀ. ಎಫ್/1.8 ಲೆನ್ಸ್ ಹಳೆಯ ಕ್ಯಾಮೆರಾಗೆ ತಂದುಕೊಡುವ ಲಾಭವನ್ನು ಲಕ್ಷಗಟ್ಟಲೆ ಬೆಲೆಯ ಹೊಸ ಬಾಡಿ ಕಿಟ್ ಲೆನ್ಸಿನೊಂದಿಗೆ ತಂದುಕೊಡಲಾರದು. ಸೆನ್ಸರ್‌ಗಳು ಕಳೆದ ಹತ್ತು ವರ್ಷಗಳಲ್ಲಿ ಸುಧಾರಿಸಿವೆ, ನಿಜ. ಆದರೆ ಹತ್ತು ಪಟ್ಟು ಬೆಳಕಿನ ಕೊರತೆಯನ್ನು ತುಂಬುವಷ್ಟಲ್ಲ.

ಮೆಗಾಪಿಕ್ಸೆಲ್ ವಿಚಾರ ಇನ್ನೂ ತಮಾಷೆಯದು. ಪತ್ರಿಕೆಯಲ್ಲಿ ಹದಿನೈದು ಸೆಂಟಿಮೀಟರ್ ಅಗಲದ ಚಿತ್ರ ಅಚ್ಚಾಗಲು ಹೆಚ್ಚೆಂದರೆ 1,200 ಪಿಕ್ಸೆಲ್ ಅಗಲ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ 6,000 ಪಿಕ್ಸೆಲ್ ಅಗಲದ ಚಿತ್ರ ಕೊಡುತ್ತದೆ. ಉಳಿದದ್ದು ಹಾರ್ಡ್‌ಡಿಸ್ಕ್ ಮಾರುವವರ ಭಾಗ್ಯ.

ಹಾಗಾದರೆ ಫ್ಲ್ಯಾಷ್ ಹಾಕಬಾರದೇ? ಬಹುತೇಕ ಅಧಿಕೃತ ಪಂದ್ಯಗಳಲ್ಲಿ ಬಿಡುವುದಿಲ್ಲ, ಬಿಡಲೂಬಾರದು. ಹಾರಿ ಬರುವ ಒದೆತವನ್ನು ನೋಡುತ್ತಿರುವ ಹದಿನಾರರ ಹುಡುಗಿಯ ಕಣ್ಣಿಗೆ ಪಕ್ಕದಿಂದ ಮಿಂಚು ಹೊಡೆದರೆ ಆಗುವ ಅಪಾಯ ಫೋಟೊಗಿಂತ ದೊಡ್ಡದು. ತಮಾಷೆಯೆಂದರೆ, ಜಗತ್ತಿನ ಅತ್ಯಂತ ಪ್ರಸಿದ್ಧ ಬಾಕ್ಸಿಂಗ್ ಚಿತ್ರ ಫ್ಲ್ಯಾಷ್ ಬೆಳಕಿನದೇ. 1965ರ ಮೇ 25ರಂದು ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ, ಐಸ್ ಹಾಕಿ ಆಡುವ ಒಂದು ಸಾಧಾರಣ ಕಟ್ಟಡದಲ್ಲಿ ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲೇ ಸನ್ನಿ ಲಿಸ್ಟನ್‌ನನ್ನು ಕೆಡವಿದರು. ಬಿದ್ದವನ ಮೇಲೆ ನಿಂತು ತೋಳು ಮಡಚಿ ಗದರುತ್ತಿದ್ದ ಅಲಿಯನ್ನು 22ರ ಹರೆಯದ ನೀಲ್ ಲೈಫರ್ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಹಿಡಿದರು. ರಿಂಗಿನ ಮೇಲೆ ತೂಗುಹಾಕಿದ್ದ ಸ್ಟ್ರೋಬ್ ದೀಪಗಳು ಒಮ್ಮೆ ಮಿನುಗಿದರೆ ಮತ್ತೆ ವಿದ್ಯುತ್ ತುಂಬಿಕೊಳ್ಳಲು ಹೊತ್ತು ಬೇಕಿತ್ತು. ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಅತ್ತ ಇರಲಿ, ಲೈಫರ್‌ಗೆ ಆ ಗಳಿಗೆಯಲ್ಲಿ ಸಿಕ್ಕಿದ್ದು ಒಂದೇ ಕ್ಲಿಕ್.

ಆ ಚಿತ್ರದಲ್ಲಿ ಅಲಿಯ ಕಾಲುಗಳ ನಡುವೆ ಇನ್ನೊಬ್ಬ ಫೋಟೊಗ್ರಾಫರ್ ಕಾಣಿಸುತ್ತಾರೆ: ಹರ್ಬ್ ಶಾರ್ಫ್‌ಮನ್. ಲೈಫರ್‌ಗಿಂತ ಹಿರಿಯರು, ಅನುಭವಿ, ಅದೇ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಗೆ ಕೆಲಸ ಮಾಡುತ್ತಿದ್ದವರು. ಕೂತದ್ದು ಮಾತ್ರ ಎದುರು ಬದಿಯಲ್ಲಿ. ಅವರಿಗೆ ದಕ್ಕಿದ್ದು ಅಲಿಯ ಬೆನ್ನು. ಅವರ ಉಪಕರಣ ಲೈಫರ್‌ನದ್ದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ. ವ್ಯತ್ಯಾಸ ಆರು ಮೀಟರಿನ ಒಂದು ರಿಂಗಿನ ಆಚೆ ಬದಿ, ಈಚೆ ಬದಿ. ಮರುವರ್ಷ ನವೆಂಬರಿನಲ್ಲಿ ಹ್ಯೂಸ್ಟನ್‌ನ ಆಸ್ಟ್ರೊಡೋಮ್‌ನಲ್ಲಿ ಅಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ರನ್ನು ಕೆಡವಿದಾಗ ಲೈಫರ್ ಜಾಗವನ್ನು ಅದೃಷ್ಟಕ್ಕೆ ಬಿಡಲಿಲ್ಲ. ದೀಪಗಳ ಚೌಕಟ್ಟಿಗೇ ಒಂದು ಕ್ಯಾಮೆರಾ ಕಟ್ಟಿ, ನೆತ್ತಿಯ ಮೇಲಿಂದ ಇಡೀ ರಿಂಗನ್ನು ಚಚ್ಚೌಕವಾಗಿ ಹಿಡಿದರು.

ಮೈಸೂರಿನವರಿಗೆ ಈ ಪಾಠ ಹೊಸದಲ್ಲ. ವಿಜಯದಶಮಿಯ ದಿನ ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಒಳಾಂಗಣದ್ದಲ್ಲದಿದ್ದರೂ ಫೋಟೊಗ್ರಾಫರ್‌ಗಳಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಜೆಟ್ಟಿಯೊಬ್ಬನ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಅನೇಕ ಸಲ ನಿಮಿಷ ತುಂಬುವುದಿಲ್ಲ. ಮುಂದಿನ ಸುತ್ತು ಎಂಬ ಆಸರೆಯಿಲ್ಲ. ಯಾರ ಭುಜ ಯಾರಿಗೆ ಅಡ್ಡ ಬಂತು ಎಂಬುದೇ ಅಂದಿನ ಚಿತ್ರದ ಹಣೆಬರಹ. ದಸರೆಯ ಸಂದರ್ಭದಲ್ಲಿ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ನಡೆಯುವ ಕುಸ್ತಿಯಲ್ಲಾದರೂ ಜೋಡಿ ಮೇಲೆ ಜೋಡಿ ಬರುತ್ತವೆ, ತಪ್ಪಿದ್ದನ್ನು ಮುಂದಿನ ಜೋಡಿಯಲ್ಲಿ ತಿದ್ದಿಕೊಳ್ಳಲು ಅವಕಾಶವಿದೆ.

ಜಾಗ ಗೊತ್ತಾದ ಮೇಲೆ ಲೆನ್ಸಿನ ಉದ್ದ ತಾನಾಗಿ ತೀರ್ಮಾನವಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಕ್ರೀಡೆ ಎಂದೊಡನೆ ಉದ್ದನೆಯ ಲೆನ್ಸ್ ಎಂಬ ಭ್ರಮೆ. ಬಾಕ್ಸಿಂಗ್ ರಿಂಗ್ ಹಗ್ಗದೊಳಗೆ 6.10 ಮೀಟರ್ ಚೌಕ. ಅದರ ಅಂಚಿಗೆ ಮೊಣಕೈ ಊರಿ ಹಗ್ಗಗಳ ನಡುವಿನಿಂದ ತೆಗೆಯುವವರಿಗೆ 24–70 ಮಿ.ಮೀ. ಜೂಮ್ ಸಾಕಾಗುತ್ತದೆ; 70–200 ಹಿಡಿದು ಕೂತರೆ ಆಟಗಾರರು ಹತ್ತಿರದ ಮೂಲೆಗೆ ಬಂದಾಗ ಮೂಗು, ಕಿವಿ ಮಾತ್ರ ಸಿಗುತ್ತವೆ. ಕುಸ್ತಿಯ ಮ್ಯಾಟ್ 12 ಮೀಟರ್ ಚೌಕ, ಸೆಣಸಾಟದ ವೃತ್ತ 9 ಮೀಟರ್ ವ್ಯಾಸದ್ದು. ಮ್ಯಾಟಿನ ಅಂಚಿನಾಚೆ ಕೂರಬೇಕಾದ್ದರಿಂದ ಅಲ್ಲಿ 70–200ಕ್ಕೆ ಅರ್ಥವಿದೆ. ಅದು ಕೈಗೆಟುಕದಿದ್ದರೆ 85 ಮಿ.ಮೀ. ಎಫ್/1.8. ಎಪಿಎಸ್-ಸಿ ಸೆನ್ಸರಿನ ಸಾಮಾನ್ಯ ಕ್ಯಾಮೆರಾದ ಮೇಲೆ ಈ 85 ಸುಮಾರು 130 ಮಿ.ಮೀ. ಲೆನ್ಸಿನ ನೋಟ ಕೊಡುತ್ತದೆ. ಕುಸ್ತಿಗೂ ಜೂಡೊಗೂ ಹೇಳಿ ಮಾಡಿಸಿದ ಉದ್ದ. ಕ್ಯಾನನ್‌ನ 85 ಎಫ್/1.8 ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಮೂವತ್ತು ವರ್ಷ ದಾಟಿದ ಈ ಗಾಜು ಇಂದಿಗೂ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಮರ್ಯಾದೆಯಿಂದ ಓಡಾಡುತ್ತಿದೆ.

ಹೊಸ 70–200 ಎಫ್/2.8 ಎಂದರೆ ದೊಡ್ಡ ಕಂಪನಿಗಳದ್ದು ಎರಡು ಲಕ್ಷ ದಾಟುತ್ತದೆ. ಡಿಎಸ್‌ಎಲ್‌ಆರ್ ಕಾಲದ್ದು ಬಳಸಿದ ಸ್ಥಿತಿಯಲ್ಲಿ ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ, ತೂಕ ಒಂದೂವರೆ ಕಿಲೊ. ವರ್ಷಕ್ಕೆ ನಾಲ್ಕು ಪಂದ್ಯಾವಳಿ ತೆಗೆಯುವವರಿಗೆ ಅದೂ ಬೇಡ. ಬೆಂಗಳೂರಿನಂಥ ಊರುಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಲಗ್ನದ ಸೀಸನ್‌ನಲ್ಲಿ ಮಾತ್ರ ಮುಂಚೆಯೇ ಹೇಳಿಡಬೇಕು.

ಪ್ರೈಮ್ ಲೆನ್ಸಿಗೂ ಅದರದೇ ಕಿರಿಕಿರಿ ಉಂಟು. ಐದು ಮೀಟರ್ ದೂರದಲ್ಲಿ 85 ಮಿ.ಮೀ. ಲೆನ್ಸನ್ನು ಎಫ್/1.8ರಲ್ಲಿ ಪೂರ್ತಿ ತೆರೆದರೆ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಹೊಡೆದವನ ಮುಷ್ಟಿ ಸ್ಪಷ್ಟ, ಅವನ ಮುಖ ಮಬ್ಬು ಎಂಬ ಸ್ಥಿತಿ ಬರುತ್ತದೆ. ಎಫ್/2.2ಕ್ಕೆ ಇಳಿಸಿ ಐಎಸ್‌ಒ ಸ್ವಲ್ಪ ಏರಿಸುವುದು ಮೇಲು. ಚಿತ್ರದಲ್ಲಿ ಕಾಳು ಎದ್ದರೆ ಹೆದರಬೇಕಿಲ್ಲ. ರಾ ಫೈಲ್‌ನಲ್ಲಿ ತೆಗೆದರೆ ಇಂದಿನ ಸಾಫ್ಟ್‌ವೇರ್‌ಗಳು ಆಶ್ಚರ್ಯವಾಗುವಷ್ಟು ಶುಚಿ ಮಾಡುತ್ತವೆ, 2023ರಲ್ಲಿ ಲೈಟ್‌ರೂಮ್‌ಗೆ ಬಂದ ಡಿನಾಯ್ಸ್ ಸೌಲಭ್ಯ ಅದಕ್ಕೊಂದು ನಿದರ್ಶನ. ಅಲುಗಿದ ಚಿತ್ರಕ್ಕೆ ಅಂಥ ಮದ್ದು ಇನ್ನೂ ಬಂದಿಲ್ಲ.

ಕಂಪನಿಗಳ ಜಾಹೀರಾತಿನಲ್ಲಿ ಕಾಣದ ಒಂದು ಶತ್ರು ಇದೆ: ದೀಪದ ಮಿಣುಕು. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತ. ಹಾಗಾಗಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಹೆಚ್ಚುತ್ತ ಕುಗ್ಗುತ್ತ ಇರುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. 1/1000ರಲ್ಲಿ ತೆಗೆಯುವ ಕ್ಯಾಮೆರಾ ಆ ಏರಿಳಿತದ ಹತ್ತನೇ ಒಂದು ಭಾಗವನ್ನಷ್ಟೇ ನೋಡುತ್ತದೆ. ಅದು ಶಿಖರವೋ ತಗ್ಗೋ ಗೊತ್ತಿಲ್ಲ. ಒಂದರ ಹಿಂದೆ ಒಂದು ತೆಗೆದ ಹತ್ತು ಚಿತ್ರಗಳಲ್ಲಿ ನಾಲ್ಕು ಕಪ್ಪು, ಎರಡು ಹಳದಿ. ಮದುವೆಯ ಫೋಟೊದಲ್ಲಿ ಕೈ ಪಳಗಿದವರು ಕೂಡ ಮೊದಲ ಸಲ ಇದನ್ನು ಕಂಡು ಕ್ಯಾಮೆರಾವೇ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುತ್ತಾರೆ.

ಬಾಡಿಯ ಆಯ್ಕೆಗೆ ನಿಜವಾದ ಅರ್ಥ ಬರುವುದು ಈ ಹಂತದಲ್ಲಿ. ಕ್ಯಾನನ್ 2014ರಲ್ಲಿ ತಂದ 7ಡಿ ಮಾರ್ಕ್ 2 ಕ್ಯಾಮೆರಾ ದೀಪದ ಮಿಣುಕನ್ನು ಅಳೆದು, ಬೆಳಕು ಶಿಖರಕ್ಕೆ ಬಂದಾಗಲೇ ಶಟರ್ ಬಿಡುವ ಆ್ಯಂಟಿ-ಫ್ಲಿಕರ್ ಸೌಲಭ್ಯ ಹೊಂದಿತ್ತು. ನಿಕಾನ್‌ನ ಡಿ500 ಬಂದದ್ದು 2016ರಲ್ಲಿ. ಸೆಕೆಂಡಿಗೆ ಹತ್ತು ಫ್ರೇಮ್, 153 ಫೋಕಸ್ ಬಿಂದು, ಅದಕ್ಕೂ ಮಿಣುಕು ತಡೆಯುವ ವ್ಯವಸ್ಥೆ. ಈ ಎರಡನ್ನೂ ಇಂದು ಹಳೆಯ ಸಾಮಾನು ಎಂದು ಮಾರುತ್ತಾರೆ. ಕತ್ತಲ ಅಖಾಡಕ್ಕೆ ಬೇಕಾದ ಕೆಲಸಕ್ಕೆ, ಇತ್ತೀಚಿನ ಆರಂಭಿಕ ದರ್ಜೆಯ ಮಿರರ್‌ಲೆಸ್‌ಗಿಂತ ಇವು ವಾಸಿ ಎಂದರೆ ಅಂಗಡಿಯವರು ಒಪ್ಪಲಿಕ್ಕಿಲ್ಲ.

ಅಗ್ಗದ ಮಿರರ್‌ಲೆಸ್ ಕ್ಯಾಮೆರಾಗಳು ‘ಸದ್ದಿಲ್ಲದ ಶಟರ್, ಸೆಕೆಂಡಿಗೆ ಇಪ್ಪತ್ತು ಫ್ರೇಮ್’ ಎಂದು ಹೇಳಿಕೊಳ್ಳುವುದರ ಹಿಂದೆ ಒಂದು ಸಣ್ಣ ಅಕ್ಷರದ ಸತ್ಯವಿದೆ. ಇಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಕೆಲವಕ್ಕೆ ಇದಕ್ಕೆ 1/30 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ದೀಪ ಮೂರು ಸಲ ಮಿಣುಕಿ ಚಿತ್ರದ ಅಡ್ಡಕ್ಕೆ ಪಟ್ಟೆ ಎಳೆದಿರುತ್ತದೆ, ಮುಷ್ಟಿ ಒಂದು ಅಡಿ ಸರಿದು ತೋಳು ಬಾಗಿದಂತೆ ಕಾಣುತ್ತದೆ. ಮೆಕ್ಯಾನಿಕಲ್ ಶಟರ್ ಇದ್ದರೆ ಅದನ್ನೇ ಬಳಸಬೇಕು. ಸದ್ದಾದರೆ ಆಗಲಿ, ಕುಸ್ತಿ ಸಂಗೀತ ಕಚೇರಿಯಲ್ಲ.

ಸೋನಿ 2023ರ ನವೆಂಬರಿನಲ್ಲಿ ಘೋಷಿಸಿದ ಎ9 ಮೂರನೇ ಆವೃತ್ತಿ ಈ ಸಮಸ್ಯೆಯನ್ನು ಬೇರಿನಲ್ಲೇ ಕತ್ತರಿಸಿತು. ಫುಲ್‌ಫ್ರೇಮ್ ಕ್ಯಾಮೆರಾಗಳಲ್ಲಿ ಇಡೀ ಸೆನ್ಸರನ್ನು ಏಕಕಾಲಕ್ಕೆ ಓದುವ ಗ್ಲೋಬಲ್ ಶಟರ್ ಬಂದದ್ದು ಅದರಲ್ಲೇ ಮೊದಲು. ಸೆಕೆಂಡಿಗೆ 120 ಫ್ರೇಮ್. ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ಬೆಲೆ ಸುಮಾರು ಆರು ಸಾವಿರ ಡಾಲರ್ ಇತ್ತು. ಒಲಿಂಪಿಕ್ಸ್‌ಗೆ ಹೋಗುವ ಸುದ್ದಿಸಂಸ್ಥೆಗೆ ಇದು ಬೇಕು, ತಕರಾರಿಲ್ಲ. ಆದರೆ ಅದರ ಐಎಸ್‌ಒ ಆರಂಭವಾಗುವುದೇ 250ರಿಂದ. ಕತ್ತಲಲ್ಲಿ ಅದು ಇತರ ಫುಲ್‌ಫ್ರೇಮ್ ಕ್ಯಾಮೆರಾಗಳನ್ನು ಮೀರಿಸುವುದಿಲ್ಲ. ಸೆಕೆಂಡಿಗೆ 120 ಚಿತ್ರ ಎಂದರೆ ಮೂರು ನಿಮಿಷದ ಒಂದು ಸುತ್ತಿನಲ್ಲಿ ಹತ್ತು ಸೆಕೆಂಡು ಬೆರಳಿಟ್ಟರೂ 1,200 ಚಿತ್ರ. ಅವನ್ನೆಲ್ಲ ನೋಡಿ ಆರಿಸುವವರು ಯಾರು ಎಂಬುದನ್ನು ಕೊಳ್ಳುವ ಮುಂಚೆಯೇ ಯೋಚಿಸಬೇಕು.

ಯಂತ್ರದ ಜಾಣತನಕ್ಕೂ ಕಾಳಗದ ಕಣದಲ್ಲಿ ಮಿತಿಯಿದೆ. ಕ್ಯಾನನ್ 2024ರಲ್ಲಿ ತಂದ ಆರ್1 ಕ್ಯಾಮೆರಾ ಆಟದ ಚಲನೆಯನ್ನು ಗುರುತಿಸಿ ಮುಖ್ಯ ಆಟಗಾರನ ಮೇಲೆ ಫೋಕಸ್ ಹಿಡಿಯುತ್ತದೆ. ಬಿಡುಗಡೆಯ ಹೊತ್ತಿಗೆ ಅದಕ್ಕೆ ಗೊತ್ತಿದ್ದದ್ದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಮಾತ್ರ. ಕುಸ್ತಿಯಲ್ಲಿ ಎರಡು ದೇಹ ಹೆಣೆದುಕೊಂಡಾಗ ಯಾವ ಕಣ್ಣು ಯಾರದ್ದು ಎಂದು ಕ್ಯಾಮೆರಾ ತಡಬಡಾಯಿಸುತ್ತದೆ. ಬಾಕ್ಸಿಂಗ್‌ನಲ್ಲಿ ಅದು ಮುಂದಿನ ಹಗ್ಗಕ್ಕೆ ಅಂಟಿಕೊಳ್ಳುತ್ತದೆ, ಇಲ್ಲವೇ ನಡುವೆ ನುಗ್ಗಿದ ರೆಫರಿಯ ಬಿಳಿ ಅಂಗಿಗೆ. ಸಣ್ಣದೊಂದು ಫೋಕಸ್ ವಲಯ ಆರಿಸಿಕೊಂಡು ಅದನ್ನು ಕೈಯಾರೆ ಆಟಗಾರನ ಮೇಲಿಡುವ ಹಳೆಯ ವಿಧಾನವೇ ಹೆಚ್ಚು ಸಲ ಗೆಲ್ಲುತ್ತದೆ. ಎಕ್ಸ್‌ಪೋಷರ್ ಕೂಡ ಹಾಗೆಯೇ. ಜೂಡೊದಲ್ಲಿ ಒಬ್ಬರದು ಬಿಳಿ ಉಡುಪು, ಇನ್ನೊಬ್ಬರದು ನೀಲಿ. ಬಿಳಿ ಬೆನ್ನು ಎದುರಾದಾಗ ಆಟೊ ಕ್ಯಾಮೆರಾ ಬೆದರಿ ಚಿತ್ರ ಕಪ್ಪಾಗಿಸುತ್ತದೆ, ನೀಲಿ ಬಂದಾಗ ಬೆಳ್ಳಗಾಗಿಸುತ್ತದೆ. ಸಭಾಂಗಣದ ದೀಪವಂತೂ ಬದಲಾಗುವುದಿಲ್ಲ. ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಒಮ್ಮೆ ಮ್ಯಾನುಯಲ್‌ನಲ್ಲಿ ನಿಗದಿ ಮಾಡಿದರೆ ಸಂಜೆಯವರೆಗೆ ಮುಟ್ಟಬೇಕಿಲ್ಲ.

ಹಳೆಯ ಲೆನ್ಸ್ ಕೊಳ್ಳುವವರಿಗೆ ಕರಾವಳಿಯಲ್ಲಿ ಒಂದು ಹೆಚ್ಚಿನ ಎಚ್ಚರ ಬೇಕು. ಮಂಗಳೂರು, ಉಡುಪಿಯ ಮಳೆಗಾಲ ಕಳೆದ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್ ಇರಬಹುದು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿದರೆ ಗೊತ್ತಾಗುತ್ತದೆ. ಗರಡಿಯಲ್ಲಿ ತೆಗೆಯುವವರಿಗೆ ಇನ್ನೊಂದು: ಎಣ್ಣೆ, ಅರಿಸಿನ ಬೆರೆತ ಕೆಂಪು ಮಣ್ಣು ಪೈಲ್ವಾನರ ಮೈಗೆ ಒಳ್ಳೆಯದು, ಸೆನ್ಸರಿಗಲ್ಲ. ಮಟ್ಟಿಯ ಪಕ್ಕದಲ್ಲಿ ನಿಂತು ಲೆನ್ಸ್ ಬದಲಿಸಬಾರದು.

ಇಷ್ಟೆಲ್ಲ ಹೊರೆಯನ್ನು ಫೋಟೊಗ್ರಾಫರ್ ಒಬ್ಬನ ಜೇಬಿನ ಮೇಲೆ ಹೇರುವುದೂ ನ್ಯಾಯವಲ್ಲ. ದೀಪ ಸಂಘಟಕರ ಕೈಯಲ್ಲಿದೆ. ಸಭಾಂಗಣಕ್ಕೆ ಹೊಸ ಎಲ್‌ಇಡಿ ಹಾಕಿಸುವಾಗ ಮಿಣುಕದ ಡ್ರೈವರ್ ಇರುವ ದೀಪ ಕೇಳುವುದು, ನಾಲ್ಕು ದೀಪಗಳನ್ನಾದರೂ ನೆತ್ತಿಯ ಬದಲು ಓರೆಯಾಗಿ ಕೂರಿಸುವುದು ಅಸಾಧ್ಯದ ಮಾತಲ್ಲ. ನೆತ್ತಿಯ ಬೆಳಕು ಕಣ್ಣುಗಳನ್ನು ನೆರಳಿಗೆ ತಳ್ಳುತ್ತದೆ. ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್‌ನಲ್ಲಿ 2013ರಿಂದ ಹಿರಿಯ ಪುರುಷರು ತಲೆಗವಚ ತೆಗೆದಿಟ್ಟರೂ ಮಹಿಳೆಯರು, ಕಿರಿಯರು ಅದನ್ನು ಧರಿಸಿಯೇ ಆಡಿದರು. ಆ ಕವಚದಡಿಯಲ್ಲಿ ಮುಖವೇ ಇಲ್ಲದ ಚಿತ್ರಗಳು ಬರುತ್ತವೆ. ರಾಜ್ಯದ ಹುಡುಗಿಯರ ಸಾಧನೆ ಪತ್ರಿಕೆಯ ಪುಟದಲ್ಲಿ ಪದಕ ಹಿಡಿದ ಗುಂಪು ಫೋಟೊಗೆ ಸೀಮಿತವಾಗುವುದಕ್ಕೆ ಸುದ್ದಿಮನೆಯ ಉದಾಸೀನ ಒಂದು ಕಾರಣವಾದರೆ, ಆಟದ ಚಿತ್ರ ತೆಗೆಯಲಾಗದ ಈ ಬೆಳಕು ಇನ್ನೊಂದು.

ಜಾಗದ ವಿಚಾರಕ್ಕೆ ಹಣವೂ ಬೇಡ. ಮುಖ್ಯ ಅತಿಥಿಗಳ ಸೋಫಾ ಸಾಲನ್ನು ಮ್ಯಾಟಿನ ಒಂದು ಬದಿಗೆ ಸೀಮಿತಗೊಳಿಸಿ, ಎದುರು ಬದಿಯಲ್ಲಿ ಎರಡು ಮೀಟರ್ ಅಗಲದ ಪಟ್ಟಿಯನ್ನು ಕ್ಯಾಮೆರಾದವರಿಗೆಂದು ಸುಣ್ಣದಲ್ಲಿ ಗೆರೆ ಎಳೆದು ಬಿಟ್ಟರೆ ಆಯಿತು. ಅಲ್ಲಿ ಎಲ್ಲರೂ ನೆಲದ ಮೇಲೆ ಕೂರಬೇಕು, ಪಂದ್ಯ ನಡೆಯುವಾಗ ಯಾರೂ ಏಳಬಾರದು, ಫ್ಲ್ಯಾಷ್ ಹಾಕಬಾರದು. ಪಂದ್ಯಾವಳಿಯ ಪ್ರವೇಶಪತ್ರದೊಂದಿಗೆ ಕಳಿಸುವ ಸುತ್ತೋಲೆಯಲ್ಲೇ ಈ ನಿಯಮಗಳ ಜೊತೆಗೆ ಮ್ಯಾಟಿನಿಂದ ಪಟ್ಟಿಗೆ ಎಷ್ಟು ದೂರ, ಮೊಬೈಲ್‌ನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಮ್ಯಾಟಿನ ನಡುವೆ ಎಷ್ಟು ಬೆಳಕು ತೋರಿಸುತ್ತದೆ ಎಂಬ ಎರಡು ಸಾಲು ಸೇರಿಸಿದರೆ, ಊರಿನಿಂದ ಬಸ್ಸು ಹಿಡಿದು ಬರುವ ಹುಡುಗ ತನ್ನ 85 ಸಾಕೋ, 70–200 ಬಾಡಿಗೆಗೆ ತರಬೇಕೋ ಎಂದು ಹಿಂದಿನ ದಿನವೇ ತೀರ್ಮಾನಿಸಬಹುದು.